ಓದುಗರ ಪ್ರಶ್ನೆ, ಅಯ್ಯನವರ ಉತ್ತರ: ಭಾನುವಾರ ಕೇಳಿದ್ದು, ಸೋಮವಾರ ಮಾಡುವುದು

ಈ ತಿಂಗಳು ಬಂದ ಪತ್ರಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವೇ ಜಾಸ್ತಿ. ಯಾರೂ ದೊಡ್ಡ ದೇವಶಾಸ್ತ್ರದ ಪ್ರಶ್ನೆ ಕೇಳಿಲ್ಲ. ಚೀಟಿ, ಕೂಲಿ, ನೀರು, ಅತ್ತೆ ಮನೆ, ಖಾತೆ ಇವೇ ವಿಷಯ. ನನಗೆ ಅದು ಸಂತೋಷವೇ. ಕರ್ತನ ಮಾತು ಕೇಳಬೇಕಾದ ಜಾಗ ಅದೇ ಅಲ್ವಾ? ಹೆಸರು ಹಾಕಬೇಡಿ ಎಂದು ಬರೆದವರು ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಅಯ್ಯನವರೇ, ನಾನು ಕೋಲಾರದ ಕಡೆ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರೈತರು ರಾತ್ರಿಯೇ ಮಾಲು ಇಳಿಸಿ ಅಲ್ಲೇ ಬಾಕ್ಸ್‌ಗಳ ಪಕ್ಕ ಮಲಗಿರುತ್ತಾರೆ. ಬೆಳಿಗ್ಗೆ ಹರಾಜು ಮುಗಿದು ಚೀಟಿ ಬರೆಯುವಾಗ, ನೂರು ಬಾಕ್ಸ್ ಬಂದಿದ್ದರೆ ನಾಲ್ಕೈದು ಬಾಕ್ಸ್ 'ಡ್ಯಾಮೇಜ್' ಅಂತ ಕಳೆದು ಬರೆ ಎಂದು ಯಜಮಾನರು ಹೇಳುತ್ತಾರೆ. ಹಣ್ಣು ಚೆನ್ನಾಗಿದ್ದರೂ ಅಷ್ಟೇ. ನಾನು ಒಂದು ರೂಪಾಯಿ ಮುಟ್ಟುವುದಿಲ್ಲ, ಆದರೆ ಬರೆಯುವ ಕೈ ನನ್ನದು. ಕೆಲಸ ಬಿಟ್ಟರೆ ಮನೆ ನಡೆಯಲ್ಲ, ಇಬ್ಬರು ಮಕ್ಕಳು ಓದುತ್ತಿದ್ದಾರೆ. ಯಜಮಾನರ ಮಾತು ಕೇಳಿ ಎಂದು ಬೈಬಲೇ ಹೇಳುತ್ತದಲ್ಲ, ಹಾಗಾದರೆ ತಪ್ಪು ಅವರದ್ದೇ ತಾನೆ?

ಉತ್ತರ: ಸಹೋದರರೇ, ತಪ್ಪು ಅವರದ್ದು ಹೌದು, ನಿಮ್ಮದೂ ಹೌದು. ಬರೆಯುವ ಕೈ ನನ್ನದು ಎಂದು ನೀವೇ ಬರೆದಿದ್ದೀರಿ. ಅದು ನಿಮಗೆ ಗೊತ್ತಾಗಿರುವುದು ದೇವರ ಕೃಪೆ, ಅದನ್ನು ಸಮಾಧಾನ ಹೇಳಿ ಮುಚ್ಚಿಬಿಡಬೇಡಿ.

ನೀವು ನೆನಪಿಸಿದ ಮಾತು ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದ 22ನೇ ವಚನ. ಅಲ್ಲಿಗೇ ನಿಲ್ಲಿಸಬೇಡಿ, ಇನ್ನು ಮೂರು ವಚನ ಮುಂದೆ ಓದಿ. ಅನ್ಯಾಯ ಮಾಡಿದವನಿಗೆ ಅವನ ಅನ್ಯಾಯವೇ ತಿರುಗಿ ಬರುತ್ತದೆ, ದೇವರು ಮುಖ ನೋಡಿ ಮಣೆ ಹಾಕುವುದಿಲ್ಲ ಎಂದು ಪೌಲನು ಅಲ್ಲೇ ಬರೆಯುತ್ತಾನೆ. ಯಜಮಾನರ ಮೇಲೆ ಇನ್ನೊಬ್ಬ ಯಜಮಾನ ಇದ್ದಾನೆ ಎಂಬುದು ಇಡೀ ಭಾಗದ ಸಾರ. ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಇನ್ನೂ ನೇರವಾಗಿದೆ. ನಿನ್ನ ಚೀಲದಲ್ಲಿ ಒಂದು ದೊಡ್ಡ ತೂಕದ ಕಲ್ಲು, ಒಂದು ಚಿಕ್ಕ ಕಲ್ಲು ಇರಬಾರದು ಎನ್ನುತ್ತದೆ. ಬಂದದ್ದು ನೂರು, ಚೀಟಿಯಲ್ಲಿ ತೊಂಬತ್ತೈದು. ಎರಡು ಕಲ್ಲು ಎಂದರೆ ಇದೇ.

ಒಂದು ಬಾಕ್ಸ್ ಎಂದರೆ ರೈತನಿಗೆ ಏನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಕೀಳುವ ಕೂಲಿ, ಗಾಡಿ ಬಾಡಿಗೆಯೂ ಹುಟ್ಟದೆ ಅದೇ ಹಣ್ಣನ್ನು ರಸ್ತೆ ಬದಿ ಸುರಿದು ಹೋಗುತ್ತಾರೆ. ಎರಡೂ ಕಾಲದಲ್ಲಿ ನಿಮ್ಮ ಪೆನ್ನು ಐದು ಬಾಕ್ಸ್ ಕಳೆಯುತ್ತಿದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ಮನುಷ್ಯ ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತುತ್ತಾನೆ. ಎಷ್ಟೋ ಜನ ಅದನ್ನು ಓದುವುದೂ ಇಲ್ಲ. ನಿಮ್ಮನ್ನು ನಂಬಿರುತ್ತಾನೆ, ಅಷ್ಟೇ.

ಹಾಗಾದರೆ ನಾಳೆಯೇ ಕೆಲಸ ಬಿಡಬೇಕಾ? ನಾನು ಹಾಗೆ ಹೇಳುವುದಿಲ್ಲ. ಲೂಕನ 3ನೇ ಅಧ್ಯಾಯದಲ್ಲಿ ಸುಂಕದವರು ಸ್ನಾನಿಕ ಯೋಹಾನನ ಹತ್ತಿರ ಬಂದು ನಾವು ಏನು ಮಾಡಬೇಕು ಎಂದು ಕೇಳುತ್ತಾರೆ. ಸುಂಕದ ಕಟ್ಟೆ ಬಿಟ್ಟು ಬನ್ನಿ ಎಂದು ಅವನು ಹೇಳಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಅದೇ ಕುರ್ಚಿಯಲ್ಲಿ ಕೂತು ನ್ಯಾಯವಾಗಿ ಬರೆಯುವುದು, ನಿಮಗೆ ಬಂದಿರುವ ಮಾತೂ ಅದೇ. ಯಜಮಾನರು ಒಬ್ಬರೇ ಇದ್ದಾಗ, ಗಿರಾಕಿಗಳ ಮುಂದೆ ಅಲ್ಲ, ಹೇಳಿ: "ಅಣ್ಣಾ, ಹಣ್ಣು ನಿಜವಾಗಿ ಕೆಟ್ಟಿದ್ದರೆ ರೈತನಿಗೆ ತೋರಿಸಿ ಕಳೀತೀನಿ. ಚೆನ್ನಾಗಿರೋದನ್ನ ಕಳೆದು ಬರೆಯೋಕೆ ನನ್ನ ಕೈಲಾಗಲ್ಲ." ಉಪದೇಶ ಮಾಡಬೇಡಿ, ಬೈಬಲ್ ವಚನ ಹೇಳಬೇಡಿ. ನಿಮ್ಮ ಕೈಯ ವಿಷಯ ಮಾತ್ರ ಹೇಳಿ. ರೈತನ ಲೆಕ್ಕದಲ್ಲಿ ಸುಳ್ಳು ಬರೆಯದವನು ನನ್ನ ಲೆಕ್ಕದಲ್ಲೂ ಸುಳ್ಳು ಬರೆಯುವುದಿಲ್ಲ ಎಂದು ಅವರಿಗೆ ಹೊಳೆದರೂ ಹೊಳೆಯಬಹುದು. ಹೊಳೆಯದಿದ್ದರೆ ಕೆಲಸ ಹೋಗುತ್ತದೆ. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ. ಆದ್ದರಿಂದ ಮಾತಾಡುವ ಮೊದಲೇ ಮನೆಯಲ್ಲಿ ಹೆಂಡತಿಗೆ ತಿಳಿಸಿ, ಬೇರೆ ಕಡೆ ಕೆಲಸ ವಿಚಾರಿಸಲು ಶುರು ಮಾಡಿ.

ಇನ್ನೊಂದು ಮಾತು, ಇದು ನಿಮ್ಮ ಸಭೆಯವರಿಗೆ, ಅಂದರೆ ಚರ್ಚಿನವರಿಗೆ. ಪ್ರಾಮಾಣಿಕವಾಗಿರಿ ಎಂದು ಪ್ರಸಂಗ ಮಾಡುವ ನಾವು, ಪ್ರಾಮಾಣಿಕತೆಗಾಗಿ ಕೆಲಸ ಕಳೆದುಕೊಂಡವನ ಮನೆಗೆ ಅಕ್ಕಿ ಕಳಿಸದಿದ್ದರೆ, ನಾಲ್ಕು ಕಡೆ ಫೋನ್ ಮಾಡಿ ಕೆಲಸ ಹುಡುಕಿಕೊಡದಿದ್ದರೆ, ಆ ಪ್ರಸಂಗ ಮಾಡುವ ಹಕ್ಕು ನಮಗಿಲ್ಲ. ನಿಮ್ಮ ಸಭಾಪಾಲಕರಿಗೆ ಈ ವಿಷಯ ಮೊದಲೇ ತಿಳಿಸಿ. ನಾಚಿಕೊಳ್ಳಬೇಡಿ.

ಪ್ರಶ್ನೆ: ತುಮಕೂರು ಜಿಲ್ಲೆಯವಳು, ನಿವೃತ್ತ ಶಿಕ್ಷಕಿ. ತಂದೆಯವರು ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಅವರ ಜಮೀನಿನ ದಾಖಲೆ ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟು ಅಲೆಯುತ್ತಿದ್ದೇನೆ. ಸ್ವಲ್ಪ ಕೈ ಬೆಚ್ಚಗೆ ಮಾಡಿದರೆ ಒಂದು ವಾರದ ಕೆಲಸ ಎನ್ನುತ್ತಾರೆ. ನನ್ನ ಹಕ್ಕಿನದ್ದನ್ನೇ ಪಡೆಯಲು ಕೊಟ್ಟರೆ ಅದು ಲಂಚವೇ?

ಉತ್ತರ: ಲಂಚವೇ, ಟೀಚರಮ್ಮ. ಲಂಚ ಕಣ್ಣಿದ್ದವರನ್ನೂ ಕುರುಡರನ್ನಾಗಿ ಮಾಡುತ್ತದೆ ಎಂದು ವಿಮೋಚನಕಾಂಡ 23:8 ಹೇಳುತ್ತದೆ. ನೀವು ಕೊಟ್ಟರೆ ನಿಮ್ಮ ಕೆಲಸ ಆಗುತ್ತದೆ, ನಿಮ್ಮ ಹಿಂದೆ ನಿಂತ ಕೈಲಾಗದವರ ಫೈಲು ಇನ್ನೂ ಕೆಳಗೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ 2012ರಿಂದ ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಲೆಂದು ಸಕಾಲ ಯೋಜನೆ ಇದೆ. ಕಂದಾಯ ಇಲಾಖೆಯ ಅನೇಕ ಸೇವೆಗಳಿಗೆ ಇಷ್ಟು ದಿನ ಅಂತ ಗಡುವು ಇದೆ. ಅರ್ಜಿಗೆ ಸ್ವೀಕೃತಿ ಮತ್ತು ಸಕಾಲ ಸಂಖ್ಯೆ ಸಿಕ್ಕಿದೆಯಾ ನೋಡಿ, ಗಡುವು ಮೀರಿದ್ದರೆ ಮೇಲ್ಮನವಿ ಹಾಕಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು, ಆಗ ಮಾತ್ರ ರಕ್ಷಣೆ. ಹೀಗೆ ಹೋದರೆ ತಡವಾಗಬಹುದು, ಕಾಲು ನೋಯಬಹುದು. ಜೊತೆಗೆ ಸಭೆಯ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿ. ಅರ್ಜಿ ಹೇಗೆ ಹಾಕಬೇಕು ಎಂದು ಅವನೂ ಕಲಿಯಲಿ.

ಪ್ರಶ್ನೆ: ಅಯ್ಯನವರೇ, ನಾನು ಮಾಲೂರು ತಾಲ್ಲೂಕಿನ ಹಳ್ಳಿಯವಳು. ಮದುವೆಯಾದ ಮೇಲೆ ಕ್ರಿಸ್ತನನ್ನು ನಂಬಿದೆ. ಗಂಡ ಅಡ್ಡಿ ಮಾಡುವುದಿಲ್ಲ, ಆರಾಧನೆಗೆ ಅವರೇ ಬೈಕಿನಲ್ಲಿ ಬಿಟ್ಟು ಹೋಗುತ್ತಾರೆ. ಊರ ಹಬ್ಬದಲ್ಲಿ ತಂಬಿಟ್ಟಿನ ದೀಪ ಹೊರುವುದು ಮನೆಯ ಸೊಸೆ. ಹೋದ ವರ್ಷ ಮೈ ಹುಷಾರಿಲ್ಲ ಎಂದು ಹೇಳಿ ಮಲಗಿಬಿಟ್ಟೆ, ಮಂಡಿ ನೋವು ಇಟ್ಟುಕೊಂಡು ಅತ್ತೆಯೇ ಹೊತ್ತರು. ಈ ವರ್ಷ ಏನು ಮಾಡಲಿ? ಹಬ್ಬದ ದಿನ ಅಡುಗೆಮನೆಗೂ ಹೋಗಬೇಡ, ಊಟವನ್ನೂ ಮಾಡಬೇಡ ಎಂದು ಒಬ್ಬ ಪಾಸ್ಟರ್ ಹೇಳಿದರು.

ಉತ್ತರ: ತಾಯಿ, ಮೊದಲು ಹೋದ ವರ್ಷದ ಮಾತು. ದೀಪ ಹೊರದೇ ಇದ್ದದ್ದು ನಿಮ್ಮ ಮನಸ್ಸಾಕ್ಷಿ, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಸುಳ್ಳು ಹೇಳಿ ಮಲಗಿದ್ದು ಮಾತ್ರ ನಿಜವಾದ ನೋವಿನ ವಿಷಯ. ಅತ್ತೆಗೆ ಈಗ ನಿಮ್ಮ ನಂಬಿಕೆಯ ಬಗ್ಗೆ ಗೊತ್ತಿರುವುದು ಏನು? ಹಬ್ಬ ಬಂದರೆ ಸೊಸೆಗೆ ಜ್ವರ ಬರುತ್ತದೆ ಎಂಬುದು. ಅದನ್ನು ಸರಿ ಮಾಡಬೇಕು.

ಆ ಪಾಸ್ಟರ್ ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಅವರ ಮಾತನ್ನು ಒಪ್ಪಲಾರೆ. ಕೊರಿಂಥ ಪಟ್ಟಣದ ವಿಶ್ವಾಸಿಗಳಿಗೂ ಇದೇ ತಲೆನೋವು ಇತ್ತು. ಕಟುಕರ ಅಂಗಡಿಯಲ್ಲಿ ಸಿಗುವ ಮಾಂಸ ಗುಡಿಯಿಂದ ಬಂದಿದ್ದಿರಬಹುದು, ತಿನ್ನಬೇಕೋ ಬೇಡವೋ? ಪೌಲನು 1 ಕೊರಿಂಥದ 10ನೇ ಅಧ್ಯಾಯದಲ್ಲಿ ಹೇಳಿದ್ದು ಹೀಗೆ: ಅನ್ಯರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆ ಮಾಡದೆ ತಿನ್ನಿ. ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಆಗ ಬಿಡಿ. ಅದೇ ಅಧ್ಯಾಯದಲ್ಲಿ ವಿಗ್ರಹಾರಾಧನೆಗೆ ದೂರವಾಗಿರಿ ಎಂದೂ ಹೇಳಿದ್ದಾನೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಊಟಕ್ಕೂ ಆರಾಧನೆಗೂ ನಡುವೆ ಅವನು ಗೆರೆ ಎಳೆದ, ಅಡುಗೆಮನೆಯ ಬಾಗಿಲಲ್ಲಿ ಎಳೆಯಲಿಲ್ಲ.

ಆದ್ದರಿಂದ ನನ್ನ ಮಾತು ಇದು. ಹಬ್ಬಕ್ಕೆ ಬಂದ ನೆಂಟರಿಗೆ ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆಯಿರಿ, ಎಲ್ಲರೊಂದಿಗೆ ಊಟ ಮಾಡಿ. ಅಕ್ಕಿ ಹುರಿದು ಹಿಟ್ಟು ಮಾಡುವುದು, ಬೆಲ್ಲ ಕುಟ್ಟುವುದು, ಇದರಲ್ಲಿ ಅತ್ತೆಗೆ ಕೈಜೋಡಿಸಲು ನಿಮ್ಮ ಮನಸ್ಸಾಕ್ಷಿ ಒಪ್ಪಿದರೆ ಮಾಡಿ, ಒಪ್ಪದಿದ್ದರೆ ಬೇರೆ ಕೆಲಸ ಬೇಕಾದಷ್ಟಿದೆ. ದೀಪ ತಲೆಯ ಮೇಲಿಟ್ಟು ದೇವತೆಯ ಮುಂದೆ ಹೋಗುವುದು ಆರಾಧನೆ, ಅದು ಬೇಡ. ಆದರೆ ಇದನ್ನು ಹಬ್ಬದ ದಿನ, ನೆಂಟರ ಮುಂದೆ, ತಮಟೆ ಬಡಿಯುವಾಗ ಹೇಳಬೇಡಿ. ಅದು ಅತ್ತೆಯ ಮರ್ಯಾದೆ ತೆಗೆದ ಹಾಗೆ. ಒಂದು ತಿಂಗಳು ಮೊದಲೇ, ಇಬ್ಬರೇ ಸೊಪ್ಪು ಬಿಡಿಸುತ್ತಾ ಕೂತಿರುವಾಗ ಹೇಳಿ: "ಅತ್ತೆ, ಹೋದ ವರ್ಷ ನನಗೆ ಜ್ವರ ಇರಲಿಲ್ಲ, ನಿಮಗೆ ಸುಳ್ಳು ಹೇಳಿದೆ, ತಪ್ಪಾಯ್ತು. ನಾನು ಯೇಸುವನ್ನು ಬಿಟ್ಟು ಬೇರೆ ಯಾರನ್ನೂ ಪೂಜೆ ಮಾಡೋಕಾಗಲ್ಲ. ಮನೆ ಕೆಲಸ ಎಲ್ಲಾ ನಾನೇ ನೋಡ್ಕೋತೀನಿ." ಗಂಡನಿಗೂ ಮೊದಲೇ ತಿಳಿಸಿ, ದೀಪಕ್ಕೆ ನಾದಿನಿಯನ್ನೋ ಓರಗಿತ್ತಿಯನ್ನೋ ಕರೆಯಲು ಅವರಿಗೆ ಸಮಯ ಬೇಕು. ಅತ್ತೆ ಕೋಪ ಮಾಡಿಕೊಳ್ಳಬಹುದು. ಎದುರು ಮಾತಾಡದೆ ಕೇಳಿಸಿಕೊಳ್ಳಿ. ಆಮೇಲೆ ಆ ಮಂಡಿಗೆ ಎಣ್ಣೆ ಹಚ್ಚಿ, ಹಬ್ಬ ಇರಲಿ ಇಲ್ಲದಿರಲಿ. ಮಾತಿಲ್ಲದ ನಡತೆಯಿಂದ ಮನೆಯವರನ್ನು ಗೆಲ್ಲಬಹುದು ಎಂದು ಪೇತ್ರನು ಬರೆದದ್ದು ನಿಮ್ಮಂಥ ಮನೆಗಳನ್ನು ಕಂಡೇ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಚಿಕ್ಕ ರೀಲಿಂಗ್ ಘಟಕ ಇದೆ. ರೇಷ್ಮೆ ಮಾರಿದ ದಿನ ಮೊದಲು ದಶಮಾಂಶ, ಅಂದರೆ ದೇವರಿಗೆಂದು ಹತ್ತರಲ್ಲೊಂದು ಪಾಲು, ತೆಗೆದಿಡುತ್ತೇನೆ, ಅದರಲ್ಲಿ ಯಾವತ್ತೂ ತಪ್ಪಿಲ್ಲ. ಗೂಡಿನ ರೇಟು ಜಾಸ್ತಿಯಾದಾಗ ಕೆಲಸದವರ ಕೂಲಿ ಒಂದೆರಡು ವಾರ ನಿಲ್ಲುತ್ತದೆ. ದೇವರಿಗೆ ಮೊದಲು ಕೊಟ್ಟರೂ ಆಶೀರ್ವಾದ ಕಾಣುತ್ತಿಲ್ಲವಲ್ಲ, ಏಕೆ?

ಉತ್ತರ: ಆ ದುಡ್ಡು ಇನ್ನೂ ನಿಮ್ಮದಾಗಿಲ್ಲ, ಅದಕ್ಕೆ. ಕೂಲಿ ಕೊಟ್ಟು ಉಳಿದದ್ದು ನಿಮ್ಮದು, ಅದರಲ್ಲಿ ದಶಮಾಂಶ ತೆಗೆಯಿರಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂದು ಯಾಜಕಕಾಂಡ 19:13 ಹೇಳುತ್ತದೆ, ನೀವು ಎರಡು ವಾರ ಇಟ್ಟುಕೊಳ್ಳುತ್ತಿದ್ದೀರಿ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಯಾಕೋಬನು ಬರೆಯುತ್ತಾನೆ.

ನಿಮ್ಮ ಘಟಕದ ಹೆಣ್ಣುಮಕ್ಕಳ ಕೈ ಒಮ್ಮೆ ನೋಡಿ. ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ, ಸಂದಿಯಲ್ಲಿ ಬಿರುಕು. ಸಂಜೆ ಮನೆಗೆ ಹೋಗಿ ಅದೇ ಕೈಯಲ್ಲಿ ಖಾರ ಅರೆಯಬೇಕು. ಅವರ ದುಡ್ಡನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ದೇವರು ತೆಗೆದುಕೊಳ್ಳುತ್ತಾನೆ ಎಂದು ನನಗೆ ಅನಿಸುವುದಿಲ್ಲ. ಈ ಶನಿವಾರ ಬಾಕಿ ತೀರಿಸಿ. ಸಾಲದಿದ್ದರೆ ಈ ತಿಂಗಳು ಸಭೆಗೆ ಕಡಿಮೆ ಕೊಡಿ, ನಿಮ್ಮ ಸಭಾಪಾಲಕರು ಕೇಳಿದರೆ ಈ ಪುಟ ತೋರಿಸಿ.

ಪ್ರಶ್ನೆ: ಶ್ರೀನಿವಾಸಪುರ ಕಡೆಯವನು. ಅಪ್ಪ ಹೋದ ಮೇಲೆ ಜಮೀನು ಭಾಗವಾಯಿತು. ಬೋರ್‌ವೆಲ್ ನನ್ನ ಪಾಲಿಗೆ ಬಂದ ಜಾಗದಲ್ಲಿದೆ. ನೀರು ಇಬ್ಬರೂ ಹಂಚಿಕೊಳ್ಳುತ್ತೇವೆ ಎಂದು ಹಿರಿಯರ ಮುಂದೆ ಒಪ್ಪಿದ್ದೆವು, ಪತ್ರದಲ್ಲಿ ಬರೆಸಲಿಲ್ಲ. ಹೆಂಗಸರ ನಡುವೆ ಮಾತು ಬೆಳೆದು, ಕೋಪದಲ್ಲಿ ಸ್ಟಾರ್ಟರ್ ಡಬ್ಬಕ್ಕೆ ಬೀಗ ಹಾಕಿದೆ. ತಮ್ಮನ ಮಾವಿನ ಸಸಿಗಳು ಒಣಗುತ್ತಿವೆ. ಇಬ್ಬರೂ ಒಂದೇ ಸಭೆ. ಆರಾಧನೆಯಲ್ಲಿ ಪ್ರಭುಭೋಜನದ ರೊಟ್ಟಿಗೆ ಕೈ ಚಾಚುವಾಗ ಮನಸ್ಸು ಚುಚ್ಚುತ್ತದೆ. ಪ್ರಭುಭೋಜನ ಬಿಟ್ಟುಬಿಡಲೇ?

ಉತ್ತರ: ಸಹೋದರರೇ, ಬಿಡಬೇಕಾದದ್ದು ಬೇರೆ ಇದೆ, ಅದು ನಿಮಗೂ ಗೊತ್ತು. ಮತ್ತಾಯ 5ರಲ್ಲಿ ಕರ್ತನು, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಸಮಾಧಾನ ಮಾಡಿಕೋ, ಆಮೇಲೆ ಬಂದು ಅರ್ಪಿಸು ಎಂದ. ಮನೆಗೆ ಹೋಗಿ ಸುಮ್ನೆ ಕೂತುಕೋ ಎನ್ನಲಿಲ್ಲ. ದೂರವಾದರೆ ಚುಚ್ಚುವುದು ನಿಲ್ಲುತ್ತದೆ, ಬೀಗ ಹಾಗೇ ಇರುತ್ತದೆ.

ಪತ್ರದಲ್ಲಿಲ್ಲ ಎಂದು ಒತ್ತಿ ಬರೆದಿದ್ದೀರಿ. 15ನೇ ಕೀರ್ತನೆ ಓದಿ. ದೇವರ ಗುಡಾರದಲ್ಲಿ ಇರತಕ್ಕವನು ಯಾರು ಎಂದು ಕೇಳಿ, ಮಾತು ಕೊಟ್ಟು ನಷ್ಟವಾದರೂ ತಪ್ಪದವನು ಎಂದು ಉತ್ತರ ಕೊಡುತ್ತದೆ. ಅಲ್ಲಿ ಛಾಪಾಕಾಗದದ ಮಾತಿಲ್ಲ.

ನೀರು ಅಂದರೆ ನಮ್ಮ ಕಡೆ ಜೀವ, ನನಗೆ ಗೊತ್ತು. ಸಾವಿರ ಅಡಿ ದಾಟಿ ಕೊರೆದರೂ ಬರೀ ಧೂಳು ಬರುವ ಸೀಮೆ ಇದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದ್ದರೂ ಬೋರ್ ಇದ್ದವನೇ ದೊಡ್ಡವನು. ಇಸಾಕನೂ ಒಣ ಸೀಮೆಯಲ್ಲಿ ಬದುಕಿದವನು. ಆದಿಕಾಂಡ 26ರಲ್ಲಿ ಅವನ ಆಳುಗಳು ಬಾವಿ ತೋಡಿದರು, ಗೆರಾರಿನ ಕುರುಬರು ನೀರು ನಮ್ಮದು ಎಂದರು, ಬಿಟ್ಟುಕೊಟ್ಟ. ಇನ್ನೊಂದು ತೋಡಿದರು, ಅದಕ್ಕೂ ಜಗಳ, ಅದನ್ನೂ ಬಿಟ್ಟ. ಮೂರನೆಯದಕ್ಕೆ ಯಾರೂ ಬರಲಿಲ್ಲ. ಅವನು ಬಿಟ್ಟುಕೊಟ್ಟದ್ದು ಪರರಿಗೆ, ಪೂರ್ತಿ ಬಾವಿಯನ್ನೇ. ನಿಮ್ಮನ್ನು ಕೇಳುತ್ತಿರುವುದು ಒಡಹುಟ್ಟಿದವನಿಗೆ ಅರ್ಧ ನೀರು, ಅದೂ ಒಪ್ಪಿಕೊಂಡಿದ್ದ ಅರ್ಧ.

ತಮ್ಮ ಮೊದಲು ಬಂದು ಮಾತಾಡಲಿ ಎಂದು ಕಾಯಬೇಡಿ, ಅಣ್ಣ ನೀವು. ಹೆಂಗಸರ ಜಗಳ ಎಂದು ಅವರ ಮೇಲೂ ಹಾಕಬೇಡಿ, ಬೀಗ ಹಾಕಿದ್ದು ನೀವು. ಇವತ್ತೇ ಬೀಗ ತೆಗೆದು, ಅವರ ಮನೆಗೆ ಹೋಗಿ, ತಮ್ಮನ ಹೆಂಡತಿಯೂ ಇರುವಾಗಲೇ ತಪ್ಪಾಯ್ತು ಎಂದು ಹೇಳಿ. ಅವನು ಮುಖ ತಿರುಗಿಸಿದರೂ ನೀರು ಬಿಡಿ. ನಿಮ್ಮಿಂದಾದ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದು ರೋಮಾಪುರದವರಿಗೆ ಬರೆದಿದೆ. ಅವನ ಪಾಲಿನದ್ದು ಅವನಿಗೆ ಬಿಟ್ಟದ್ದು.

ಆಮೇಲೆ ಸಭೆಯ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಯಾವ ದಿನ ಯಾರ ಪಾಳಿ ಎಂದು ಕಾಗದದ ಮೇಲೆ ಬರೆಯಿರಿ. ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ ಬಂದರೆ ಪಾಳಿಯೂ ಅದಲು ಬದಲಾಗಲಿ, ರಾತ್ರಿ ಪಾಳಿ ಯಾವಾಗಲೂ ತಮ್ಮನಿಗೇ ಬೀಳಬಾರದು. ಮೋಟಾರ್ ಸುಟ್ಟರೆ, ಕೇಬಲ್ ಹೋದರೆ ಖರ್ಚು ಹೇಗೆ ಎಂಬುದನ್ನೂ ಅದೇ ಕಾಗದದಲ್ಲಿ ಸೇರಿಸಿ, ಮುಂದಿನ ಜಗಳ ಶುರುವಾಗುವುದು ಅಲ್ಲಿಂದಲೇ.