ಬೂದಿ ಬಿದ್ದರೆ ಮಣ್ಣಿಗೆ ಒಳ್ಳೇದಾ?

ಪ್ರಶ್ನೆ: ನಮ್ಮೂರ ಪಕ್ಕದ ಗುಡ್ಡಕ್ಕೆ ಬೆಂಕಿ ಬಿತ್ತು. ಬೂದಿಯಿಂದ ಮಣ್ಣು ಫಲವತ್ತಾಗುತ್ತೆ ಅಂತಾರೆ. ನಿಜವೇ?

ಉತ್ತರ: ಅರ್ಧ ನಿಜ. ಬೂದಿಯಲ್ಲಿ ಪೊಟ್ಯಾಶ್, ಸುಣ್ಣದ ಅಂಶ ಇರುವುದರಿಂದ ಮೊದಲ ಮಳೆಗೇ ಹುಲ್ಲು ಹಸಿರಾಗಿ ಚಿಗುರುತ್ತದೆ, ಅದನ್ನು ನೋಡಿ ಹಾಗೆ ಹೇಳುತ್ತಾರೆ. ಆದರೆ ತರಗೆಲೆಯಲ್ಲಿದ್ದ ಸಾರಜನಕ ಹೊಗೆಯ ಜೊತೆ ಹೋಗಿಬಿಟ್ಟಿರುತ್ತದೆ.

ಬೆಂಕಿ ಒಂದೇ ಕಡೆ ಎಷ್ಟು ಹೊತ್ತು ನಿಂತಿತು ಅನ್ನೋದೇ ಮುಖ್ಯ. ಒಣಹುಲ್ಲಿನ ಮೇಲೆ ಸರ್ರನೆ ಓಡಿದರೆ ಎರಡು ಇಂಚು ಕೆಳಗೆ ಅಷ್ಟೇನೂ ಬಿಸಿ ತಟ್ಟುವುದಿಲ್ಲ, ಬೇರು, ಹುಳುಹುಪ್ಪಟೆ ಉಳಿಯುತ್ತವೆ. ದಿಮ್ಮಿ ರಾತ್ರಿಯಿಡೀ ಉರಿದ ಜಾಗ ಹುಡುಕಿ ನೋಡಿ. ಮಣ್ಣು ಇಟ್ಟಿಗೆಯ ಹಾಗೆ ಕೆಂಪಾಗಿರುತ್ತದೆ. ಅದರ ಅಂಚಿನಲ್ಲಿ ಬೂದಿ ಸರಿಸಿ ನೀರು ಹನಿಸಿದರೆ, ಎಷ್ಟೋ ಸಲ ಕೆಸುವಿನೆಲೆ ಮೇಲಿನ ಹನಿಯಂತೆ ಇಂಗದೇ ನಿಲ್ಲುತ್ತದೆ, ಯಾಕಂದ್ರೆ ಎಲೆಗಳ ಮೇಣ ಆವಿಯಾಗಿ ಮಣ್ಣಿನ ಕಣಗಳಿಗೆ ಅಂಟಿರುತ್ತದೆ. ಇಳಿಜಾರಾದರೆ ಬೂದಿಯೂ ಮೇಲ್ಮಣ್ಣೂ ಹಳ್ಳಕ್ಕೆ!

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಹಾಕುತ್ತಿದ್ದ ತರಗು ಬೆಂಕಿಯ ಲೆಕ್ಕವೂ ಇದೇ: ಬೇಸಿಗೆ ಏರುವ ಮುಂಚೆ, ಸಣ್ಣದಾಗಿ. ಅದು ನಿಂತ ಮೇಲೆ ಲಂಟಾನ ಅನ್ನೋ ಕಳೆಪೊದೆ ಜಾಸ್ತಿಯಾಯಿತು ಅನ್ನುತ್ತಾರೆ ಅವರು. ಹಾಗಂತ ನೀವು ಸುಮ್ನೆ ಕಡ್ಡಿ ಗೀರಲು ಹೋಗಬೇಡಿ, ಅದು ಅಪರಾಧ. ಮೇಲ್ಮಣ್ಣು ಕೊಚ್ಚಿಹೋಗದಂತೆ ಮಳೆಗೆ ಮೊದಲು ಸುಟ್ಟ ಇಳಿಜಾರಿಗೆ ಅಡ್ಡಲಾಗಿ ಕಲ್ಲು, ಕೊಂಬೆ ಸಾಲಾಗಿ ಇಡಿ.