ಕಾಸರಗೋಡಿನಿಂದ ಕಾಶ್ಮೀರದ ಗುಲ್ಮಾರ್ಗಿಗೆ ಸ್ಕೀಯಿಂಗ್ (ಹಿಮದ ಮೇಲೆ ಜಾರುವ ಆಟ) ಕಲಿಯಲು ಹೋಗುವವರು ಬೈಕಿನ ಹೆಲ್ಮೆಟ್ಟನ್ನೇ ಒಯ್ಯಬಹುದೇ?

ಒಯ್ಯಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕುಂಬಳೆ, ಮಂಜೇಶ್ವರದ ರಸ್ತೆಗಳಲ್ಲಿ ನಾವು ಧರಿಸುವುದು ಐಎಸ್ 4151 ಎಂಬ ಭಾರತೀಯ ಮಾನದಂಡದಂತೆ ದ್ವಿಚಕ್ರ ವಾಹನ ಸವಾರರಿಗಾಗಿ ತಯಾರಾದ ಹೆಲ್ಮೆಟ್. ಅದು ಭಾರವೂ ಹೌದು, ಅದರೊಂದಿಗೆ ಹಿಮದ ಕನ್ನಡಕ ಸರಿಯಾಗಿ ಕೂರುವುದೂ ಕಷ್ಟ. ಸ್ಕೀ ಹೆಲ್ಮೆಟ್ಟಿನಲ್ಲಿ ಇಎನ್ 1077 ಅಥವಾ ಎಎಸ್‌ಟಿಎಂ ಎಫ್2040 ಎಂಬ ಗುರುತಿರಬೇಕು; ಮೊದಲನೆಯದು ಯುರೋಪಿನ, ಎರಡನೆಯದು ಅಮೆರಿಕದ ಮಾನದಂಡ. ಇಎನ್ 1077ರ 'ಎ' ವರ್ಗದ್ದು 'ಬಿ' ವರ್ಗಕ್ಕಿಂತ ತಲೆಯ ಹೆಚ್ಚು ಭಾಗವನ್ನು ರಕ್ಷಿಸುತ್ತದೆ.

ಅಳತೆಯನ್ನು ಊರಿನಲ್ಲಿಯೇ ತೆಗೆದುಕೊಳ್ಳಿ. ದರ್ಜಿಯ ಟೇಪನ್ನು ಹುಬ್ಬುಗಳಿಂದ ಸುಮಾರು 2 ಸೆಂ.ಮೀ. ಮೇಲೆ, ತಲೆಯ ಹಿಂಭಾಗದ ಉಬ್ಬನ್ನು ಬಳಸಿ ಸುತ್ತಿದರೆ ಸಿಗುವ ಸೆಂಟಿಮೀಟರ್ ಲೆಕ್ಕವೇ ನಿಮ್ಮ ಗಾತ್ರ. ಆದರೆ ತಲೆಯ ಆಕಾರ ಒಬ್ಬೊಬ್ಬರದು ಒಂದೊಂದು ಬಗೆಯಾದ್ದರಿಂದ ಹಾಕಿಯೇ ನೋಡಬೇಕು: ಪಟ್ಟಿ ಬಿಗಿಯುವ ಮೊದಲೇ ತಲೆಯನ್ನು ಅತ್ತಿತ್ತ ಅಲುಗಿಸಿದಾಗ ಹೆಲ್ಮೆಟ್ ಜಾರದೆ, ಹಣೆಯ ಚರ್ಮವೂ ಅದರೊಂದಿಗೇ ಸರಿಯಬೇಕು, ಎಲ್ಲಿಯೂ ಒಂದೇ ಕಡೆ ಒತ್ತಿ ನೋಯಬಾರದು. ನಮ್ಮ ಕರಾವಳಿಯ ಸೆಕೆಗೆ ಒಗ್ಗಿದವರು ಚಳಿಗೆ ಹೆದರಿ ಒಳಗೆ ದಪ್ಪ ಉಣ್ಣೆಯ ಟೋಪಿ ಹಾಕುವುದುಂಟು. ಅದರಿಂದ ಹಿಡಿತ ಕೆಡುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಹಿಮದ ಕನ್ನಡಕಕ್ಕೂ ಹೆಲ್ಮೆಟ್ಟಿಗೂ ನಡುವೆ ಹಣೆ ಬರಿದಾಗಿ ಕಾಣಬಾರದು.

ಬಾಡಿಗೆಗೆ ಪಡೆಯುವುದಾದರೆ ಒಳಪದರವನ್ನು ಸರಿಸಿ ಫೋಮನ್ನು ಬೆರಳಿನಿಂದ ಮುಟ್ಟಿ ನೋಡಿ. ಪೆಟ್ಟಿನ ಬಲವನ್ನು ಹೀರುವುದು ಆ ಫೋಮೇ. ಒಮ್ಮೆ ಜಜ್ಜಿದ ಮೇಲೆ ಅದು ಮೊದಲಿನಂತಾಗುವುದಿಲ್ಲ. ಬಿರುಕೋ ತಗ್ಗೋ ಕಂಡರೆ ಬೇರೆಯದನ್ನು ಕೇಳಿ ಪಡೆಯಿರಿ.