ಜುಲೈ 4 ಬಿಟ್ಟರೆ ಅಮೆರಿಕದ ಚರಿತ್ರೆಯಲ್ಲಿ ತುಂಬಾ ಸಂಗತಿಗಳು ನಡೆದ ತಾರೀಕು ಯಾವುದು?

ನನ್ನ ಉತ್ತರ ಏಪ್ರಿಲ್ 14. ನಮಗೆ ಅದು ಅಂಬೇಡ್ಕರ್ ಜಯಂತಿ. 1775ರಲ್ಲಿ ಅದೇ ದಿನ ಫಿಲಡೆಲ್ಫಿಯಾದಲ್ಲಿ ಗುಲಾಮಗಿರಿ ವಿರೋಧಿಸುವ ಮೊದಲ ಸಂಘ ಹುಟ್ಟಿತು. 1935ರಲ್ಲಿ ಒಕ್ಲಹೋಮ, ಟೆಕ್ಸಸ್ ಕಡೆ ಹಗಲನ್ನೇ ಕತ್ತಲು ಮಾಡಿದ ದೂಳಿನ ಬಿರುಗಾಳಿ ಎದ್ದಿತು. ಇವಿರಲಿ, ನಾನು ಹೇಳಬೇಕೆಂದಿರುವುದು 1865ರ ಏಪ್ರಿಲ್ 14. ಅವತ್ತು ಗುಡ್ ಫ್ರೈಡೇ.

ಅದಕ್ಕೆ ನಾಲ್ಕು ವರ್ಷ ಹಿಂದೆ ಹೋಗಬೇಕು. 1861ರಲ್ಲಿ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿದ್ದು ಚಾರ್ಲ್ಸ್ಟನ್ ಬಂದರಿನ ಫೋರ್ಟ್ ಸಮ್ಟರ್ ಕೋಟೆಯಲ್ಲಿ. ಸುಮಾರು 34 ಗಂಟೆ ಗುಂಡಿನ ಮಳೆ ಸುರಿದರೂ ಅದರಿಂದ ಒಬ್ಬರೂ ಸಾಯಲಿಲ್ಲ! ಏಪ್ರಿಲ್ 14ರಂದು ಉತ್ತರದ ಸೈನಿಕರು ಸೋತು ಕೋಟೆ ಬಿಡುವಾಗ ತಮ್ಮ ಬಾವುಟಕ್ಕೆ ಗೌರವವಾಗಿ ಫಿರಂಗಿ ಹಾರಿಸಿದರು ನೋಡಿ, ಆಗ ಮದ್ದು ಸಿಡಿದು ತಮ್ಮದೇ ಸೈನಿಕ ಸತ್ತ. ಆಮೇಲೆ ಆರು ಲಕ್ಷಕ್ಕೂ ಜಾಸ್ತಿ ಜನ ಸತ್ತ ಯುದ್ಧ ಅದು.

ಅವತ್ತು ಬಾವುಟ ಇಳಿಸಿದವರು ಮೇಜರ್ ರಾಬರ್ಟ್ ಆಂಡರ್ಸನ್. ಸರಿಯಾಗಿ ನಾಲ್ಕು ವರ್ಷಕ್ಕೆ ಅವರೇ ಬಂದು ಅದೇ ಹರಿದ ಬಾವುಟವನ್ನು ಅದೇ ಕೋಟೆಯ ಮೇಲೆ ಏರಿಸಿದರು. ಐದು ದಿನದ ಹಿಂದಷ್ಟೇ ದಕ್ಷಿಣದ ಸೇನಾಪತಿ ಲೀ ಶರಣಾಗಿದ್ದರು. ಎಲ್ಲರಿಗೂ ಹಬ್ಬದ ಖುಷಿ.

ಅದೇ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರ್‌ನಲ್ಲಿ ಅಧ್ಯಕ್ಷ ಲಿಂಕನ್ ಹಾಸ್ಯ ನಾಟಕ ನೋಡುತ್ತಿದ್ದರು. ಜೊತೆಗೆ ಬರಬೇಕಿದ್ದ ಉತ್ತರದ ಸೇನಾಪತಿ ಜನರಲ್ ಗ್ರಾಂಟ್, ಮಕ್ಕಳನ್ನು ನೋಡಬೇಕೆಂದು ಊರು ಬಿಟ್ಟಿದ್ದರು. ಕೊಲೆಗಾರ ಜಾನ್ ವಿಲ್ಕ್ಸ್ ಬೂತ್ ಸ್ವತಃ ನಟ. ಯಾವ ಮಾತಿಗೆ ಜನ ಜೋರಾಗಿ ನಗುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಆ ನಗುವಿನಲ್ಲೇ ಗುಂಡು ಹಾರಿಸಿದ. ಲಿಂಕನ್ ತೀರಿಕೊಂಡಿದ್ದು ಮರುದಿನ ಬೆಳಿಗ್ಗೆ 7:22ಕ್ಕೆ, ಎದುರು ರಸ್ತೆಯ ಒಂದು ಮನೆಯಲ್ಲಿ.

ಅವನೊಬ್ಬನದೇ ಕೆಲಸ ಅಲ್ಲ ಅದು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಲೂಯಿಸ್ ಪೊವೆಲ್ ಎಂಬ ಸಂಚುಗಾರ ವಿದೇಶಾಂಗ ಮಂತ್ರಿ ಸೀವಾರ್ಡ್ ಅವರ ಮನೆಗೆ ನುಗ್ಗಿದ. ಸೀವಾರ್ಡ್ ಗಾಡಿಯಿಂದ ಬಿದ್ದು ದವಡೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಚಾಕುವಿನಿಂದ ಇರಿದರೂ ಹೇಗೋ ಬದುಕಿಕೊಂಡರು. ಎರಡು ವರ್ಷದ ಮೇಲೆ ರಷ್ಯಾದಿಂದ 72 ಲಕ್ಷ ಡಾಲರಿಗೆ ಅಲಾಸ್ಕ ಕೊಂಡ ವ್ಯವಹಾರ ಮುಗಿಸಿದ್ದು ಇದೇ ಮನುಷ್ಯ!

ಮೂರನೆಯವನು ಜಾರ್ಜ್ ಅಟ್ಜೆರಾಟ್. ಉಪಾಧ್ಯಕ್ಷ ಜಾನ್ಸನ್ ಅವರನ್ನು ಕೊಲ್ಲುವ ಕೆಲಸ ಅವನದು. ಅವರು ಇಳಿದುಕೊಂಡಿದ್ದ ಹೋಟೆಲಿಗೇ ಹೋದ. ಬಾರಿನಲ್ಲಿ ಕೂತು ಕುಡಿದ. ಧೈರ್ಯ ಸಾಲಲಿಲ್ಲ, ಸುಮ್ನೆ ಎದ್ದು ಹೋದ. ಮರುದಿನ ಜಾನ್ಸನ್ ಅಧ್ಯಕ್ಷರಾದರು.